ಹೊಕ್ಕುಳಬಳ್ಳಿ ಅಂಚಿಗೆ ಸೇರಿದ್ದರೆ ಗರ್ಭಸ್ಥ ಶಿಶುವಿನ ಹೃದಯಕ್ಕೇನು? ಸ್ಕ್ಯಾನ್ ವರದಿಯ ಒಂದು ಸಾಲಿನ ಅರ್ಥ

ಐದನೆಯ ತಿಂಗಳಲ್ಲಿ ಮಾಡಿಸುವ ಸ್ಕ್ಯಾನಿನ ವರದಿಯಲ್ಲಿ ಮಗುವಿನ ತಲೆ, ಬೆನ್ನುಮೂಳೆ, ಹೃದಯ, ಕೈಕಾಲುಗಳ ವಿವರ ಮುಗಿದ ಮೇಲೆ ಮಾಸಿನ ಕುರಿತು ಎರಡು ಸಾಲುಗಳಿರುತ್ತವೆ. ಕೆಲವು ತಾಯಂದಿರ ವರದಿಯಲ್ಲಿ ಅಲ್ಲಿ ‘ಮಾರ್ಜಿನಲ್ ಕಾರ್ಡ್ ಇನ್ಸರ್ಷನ್’ ಅಥವಾ ‘ವೆಲಮೆಂಟಸ್ ಕಾರ್ಡ್ ಇನ್ಸರ್ಷನ್’ ಎಂದು ಬರೆದಿರುತ್ತದೆ. ಹೊಕ್ಕುಳಬಳ್ಳಿಯು ಮಾಸಿಗೆ ಸೇರಬೇಕಾದ ಜಾಗದಲ್ಲಿ ಸೇರದೆ ಅಂಚಿನಲ್ಲಿ ಅಥವಾ ಅಂಚಿನಿಂದಾಚೆ ಸೇರಿದೆ ಎಂಬುದು ಅದರ ಅರ್ಥ. ಅದನ್ನು ಓದಿದ ಮನೆಯವರ ಮೊದಲ ಪ್ರಶ್ನೆ ಮಗುವಿನ ಹೃದಯದ ಮೇಲೆಯೇ ಇರುತ್ತದೆ: ರಕ್ತ ಸಾಗುವ ಬಳ್ಳಿಯೇ ಸರಿಯಿಲ್ಲದಿದ್ದರೆ ಹೃದಯ ಸರಿಯಿರುತ್ತದೆಯೇ?

ಧಾರಾಪುರಂ ಸುತ್ತಿನ ಕನ್ನಡ ಮನೆಮಾತಿನ ಕುಟುಂಬಗಳಿಗೆ ಈ ಪ್ರಶ್ನೆಯ ಜೊತೆಗೆ ಭಾಷೆಯ ತೊಡಕೂ ಸೇರುತ್ತದೆ. ವರದಿ ಇಂಗ್ಲಿಷಿನಲ್ಲಿರುತ್ತದೆ, ದಾದಿಯರ ವಿವರಣೆ ತಮಿಳಿನಲ್ಲಿ, ಮನೆಯ ಮಾತುಕತೆ ಕನ್ನಡದಲ್ಲಿ. ತಾಳವಾಡಿ ಅಥವಾ ಹೊಸೂರು ಕಡೆಯ ಕನ್ನಡ ಶಾಲೆಯಲ್ಲಿ ಓದಿ ಇತ್ತ ಮದುವೆಯಾಗಿ ಬಂದ ಹೆಣ್ಣುಮಗಳಿಗೆ ತಮಿಳು ಮಾತು ಬಂದರೂ ಆಸ್ಪತ್ರೆಯ ತಮಿಳು ಬೇರೆಯೇ ಆಗಿರುತ್ತದೆ. ಒಂದು ಪದವನ್ನು ಮೊದಲೇ ಬಿಡಿಸಿಡುವುದು ಒಳ್ಳೆಯದು. ತಮಿಳಿನಲ್ಲಿ ಮಾಸಿಗೆ ‘ನಂಜುಕ್ಕೊಡಿ’ ಎನ್ನುತ್ತಾರೆ. ನಮ್ಮ ಕಿವಿಗೆ ‘ನಂಜು’ ಎಂದರೆ ವಿಷ, ಕೀವು, ಸೋಂಕು. ‘ನಂಜುಕ್ಕೊಡಿಯಲ್ಲಿ ತೊಂದರೆ’ ಎಂಬ ಮಾತು ಕೇಳಿ ಮಗುವಿಗೆ ನಂಜೇರಿದೆ ಎಂದು ತಿಳಿಯಬೇಕಾಗಿಲ್ಲ. ಅಲ್ಲಿ ಹೇಳುತ್ತಿರುವುದು ಮಾಸಿನ ವಿಷಯ. ಹೊಕ್ಕುಳಬಳ್ಳಿಗೆ ಅವರ ಪದ ‘ತೊಪ್ಪುಳ್ ಕೊಡಿ’.

ಮಾಸು ಎಂದರೆ ನಮ್ಮ ಶಾಲಾ ಪುಸ್ತಕಗಳು ಜರಾಯು ಎಂದು ಕರೆಯುವ ಅಂಗ. ತುಂಬು ತಿಂಗಳಲ್ಲಿ ಅದು ಸುಮಾರು 20 ಸೆಂಟಿಮೀಟರ್ ಅಗಲದ, ಅರ್ಧ ಕಿಲೋ ತೂಕದ ದಪ್ಪ ರೊಟ್ಟಿಯಂತಿರುತ್ತದೆ. ಬಹುಪಾಲು ಗರ್ಭಗಳಲ್ಲಿ ಹೊಕ್ಕುಳಬಳ್ಳಿಯು ಅದರ ನಡುವಿಗೆ, ಇಲ್ಲವೇ ನಡುವಿನಿಂದ ತುಸು ಸರಿದು, ಕೊಡೆಗೆ ಕೋಲು ಸೇರುವಂತೆ ಸೇರಿರುತ್ತದೆ. ಅಂಚಿನಿಂದ 2 ಸೆಂಟಿಮೀಟರ್ ಒಳಗೆ ಸೇರಿದ್ದರೆ ಅದು ಮಾರ್ಜಿನಲ್. ತಾಳೆಗರಿಯ ಬೀಸಣಿಗೆಗೆ ಹಿಡಿ ಇರುವ ರೀತಿಯನ್ನು ನೆನೆದರೆ ಸಾಕು. ನೂರು ಗರ್ಭಗಳಲ್ಲಿ ಸುಮಾರು ಏಳರಲ್ಲಿ ಹೀಗಿರುತ್ತದೆ, ಅಂದರೆ ಇದು ಅಪರೂಪವೇನಲ್ಲ.

ವೆಲಮೆಂಟಸ್ ಎಂಬುದು ಇನ್ನೊಂದು ಹೆಜ್ಜೆ ಮುಂದಿನ ಸ್ಥಿತಿ, ನೂರರಲ್ಲಿ ಸುಮಾರು ಒಂದರಲ್ಲಿ ಕಾಣುವಂಥದು. ಇಲ್ಲಿ ಬಳ್ಳಿ ಮಾಸನ್ನು ಮುಟ್ಟುವುದೇ ಇಲ್ಲ. ಮಗುವನ್ನು ಸುತ್ತುವರಿದ ನೀರಿನ ಚೀಲದ ತೆಳು ಪೊರೆಗೆ ಬಂದು ಸೇರುತ್ತದೆ. ಅಲ್ಲಿಂದ ರಕ್ತನಾಳಗಳು ಒಂದೊಂದಾಗಿ ಬಿಡಿಸಿಕೊಂಡು ಪೊರೆಯ ಮೇಲೆ ಹರಿದು ಮಾಸನ್ನು ತಲಪುತ್ತವೆ. ವ್ಯತ್ಯಾಸ ಎಲ್ಲಿದೆ ಎಂದು ಹೊಲದ ಉದಾಹರಣೆಯಿಂದ ಹೇಳಬಹುದು. ಬೋರ್‌ವೆಲ್ಲಿನಿಂದ ತೋಟಕ್ಕೆ ಹೋಗುವ ಪೈಪನ್ನು ಮಣ್ಣಿನಲ್ಲಿ ಹೂತಿದ್ದರೆ ಅದರ ಮೇಲೆ ಗಾಡಿ ಹೋದರೂ ಚಿಂತೆಯಿಲ್ಲ. ಅದೇ ಪೈಪು ಕಡೆಯ ಹತ್ತು ಅಡಿ ನೆಲದ ಮೇಲೆ ಬರಿದೆ ಬಿದ್ದಿದ್ದರೆ ಎತ್ತು ತುಳಿದರೂ ನೀರು ನಿಲ್ಲುತ್ತದೆ. ಹೊಕ್ಕುಳಬಳ್ಳಿಯೊಳಗೆ ನಾಳಗಳನ್ನು ಕಾಪಾಡುವ ಆ ಮಣ್ಣಿನ ಕೆಲಸವನ್ನು ಲೋಳೆಯಂಥ ಒಂದು ವಸ್ತು ಮಾಡುತ್ತದೆ. 17ನೆಯ ಶತಮಾನದ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ ಹೆಸರಿನಲ್ಲಿ ಅದನ್ನು ವಾರ್ಟನ್ ಜೆಲ್ಲಿ ಎನ್ನುತ್ತಾರೆ. ಪೊರೆಯ ಮೇಲೆ ಹರಿಯುವ ನಾಳಗಳಿಗೆ ಆ ಜೆಲ್ಲಿಯ ರಕ್ಷೆ ಇರುವುದಿಲ್ಲ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಮನೆಗಳಲ್ಲಿ ಬೇರೆ ಬೇರೆ ಉತ್ತರಗಳಿವೆ. ಹಸುವಿನ ಹಗ್ಗ ದಾಟಿದಳು, ಕೈಯೆತ್ತಿ ಬಟ್ಟೆ ಒಣಗಿಸಿದಳು, ಗ್ರಹಣದಲ್ಲಿ ಹೊರಗೆ ಬಂದಳು ಎಂಬ ಮಾತುಗಳು ಕೊನೆಗೆ ಸೊಸೆಯ ತಲೆಗೇ ಬರುತ್ತವೆ. ಅವುಗಳಲ್ಲಿ ಯಾವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾವು ಖಚಿತವಾಗಿ ಹೇಳುತ್ತೇವೆ. ಬಳ್ಳಿಯ ಜಾಗ ನಿರ್ಧಾರವಾಗಲು ತೊಡಗುವುದು ಗರ್ಭಧಾರಣೆಯ ಮೊದಲ ವಾರಗಳಲ್ಲಿ, ಎಷ್ಟೋ ಬಾರಿ ಮುಟ್ಟು ನಿಂತದ್ದು ಗಮನಕ್ಕೆ ಬರುವ ಹೊತ್ತಿಗೆ. ಆಮೇಲೆ ಮಾಸು ಗರ್ಭಕೋಶದ ಗೋಡೆಯಲ್ಲಿ ರಕ್ತ ಚೆನ್ನಾಗಿ ಸಿಗುವ ಕಡೆಗೆ ಬೆಳೆಯುತ್ತ, ಸಿಗದ ಕಡೆ ಸೊರಗುತ್ತ ಹೋಗುತ್ತದೆ. ಒಂದು ಕಡೆ ಸೊರಗಿದಾಗ ಮೊದಲು ನಡುವಿನಲ್ಲಿದ್ದ ಬಳ್ಳಿ ಅಂಚಿನಲ್ಲಿ ಉಳಿದುಬಿಡುತ್ತದೆ. ಅವಳಿ ಗರ್ಭಗಳಲ್ಲಿ, ಅದರಲ್ಲೂ ಎರಡೂ ಮಕ್ಕಳು ಒಂದೇ ಮಾಸನ್ನು ಹಂಚಿಕೊಂಡಲ್ಲಿ, ಹಾಗೂ ಪ್ರಯೋಗಾಲಯದ ನೆರವಿನಿಂದ ನಿಂತ ಗರ್ಭಗಳಲ್ಲಿ ಇದು ಹೆಚ್ಚು. ತಾಯಿ ಏನು ಮಾಡಿದಳು, ಏನು ತಿಂದಳು ಎಂಬುದಕ್ಕೆ ಇದರಲ್ಲಿ ಪಾತ್ರವಿಲ್ಲ.

ಇನ್ನು ಹೃದಯದ ವಿಷಯ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿರುವ ಹೃದಯದ ಚಿತ್ರ ನಮ್ಮ ಮಕ್ಕಳಿಗೆಲ್ಲ ಗೊತ್ತು: ಎರಡು ಹೃತ್ಕರ್ಣ, ಎರಡು ಹೃತ್ಕುಕ್ಷಿ, ನಡುವೆ ಗೋಡೆ, ಬಲಭಾಗದ ರಕ್ತ ಶ್ವಾಸಕೋಶಕ್ಕೆ, ಎಡಭಾಗದ ರಕ್ತ ದೇಹಕ್ಕೆ. ಆ ಚಿತ್ರ ಹುಟ್ಟಿದ ಮೇಲಿನ ಹೃದಯದ್ದು. ಗರ್ಭದೊಳಗಿನ ಮಗು ನೀರಿನಲ್ಲಿ ತೇಲುತ್ತಿರುವುದರಿಂದ ಅದರ ಶ್ವಾಸಕೋಶಕ್ಕೆ ಗಾಳಿಯ ಕೆಲಸವಿಲ್ಲ. ಆಮ್ಲಜನಕ ಬರಬೇಕಾದದ್ದು ತಾಯಿಯಿಂದ, ಮಾಸಿನ ಮೂಲಕ. ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿಗಳೂ ಒಂದು ಅಭಿಧಮನಿಯೂ ಇವೆ. ಅಪಧಮನಿಗಳು ಮಗುವಿನ ಬಳಸಿದ ರಕ್ತವನ್ನು ಮಾಸಿಗೆ ಒಯ್ಯುತ್ತವೆ. ಅಭಿಧಮನಿ ಆಮ್ಲಜನಕ ತುಂಬಿದ ರಕ್ತವನ್ನು ಹಿಂದಕ್ಕೆ ತರುತ್ತದೆ. ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಮಲಿನ ರಕ್ತ ಎಂದು ಬಾಯಿಪಾಠ ಮಾಡಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಆದರೆ ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ ಎಂಬ ಮೂಲ ನಿಯಮ ಇಲ್ಲಿಯೂ ಹಾಗೆಯೇ ಇದೆ.

ಬಂದ ರಕ್ತದ ಒಂದು ಪಾಲು ಯಕೃತ್ತಿನ ಬಳಿಯ ಒಂದು ಕಿರುಹಾದಿಯಿಂದ ನೇರವಾಗಿ ಹೃದಯ ಸೇರುತ್ತದೆ. ಬಲ ಹೃತ್ಕರ್ಣದಿಂದ ಎಡ ಹೃತ್ಕರ್ಣಕ್ಕೆ ಗೋಡೆಯಲ್ಲಿ ಒಂದು ಕಿಂಡಿ ತೆರೆದಿರುತ್ತದೆ. ಶ್ವಾಸಕೋಶಕ್ಕೆ ಹೊರಟ ರಕ್ತದ ಹೆಚ್ಚಿನ ಭಾಗವೂ ಇನ್ನೊಂದು ಅಡ್ಡನಾಳದ ಮೂಲಕ ಮಹಾಪಧಮನಿಗೆ ಹೋಗಿಬಿಡುತ್ತದೆ. ಹೀಗಾಗಿ ಗರ್ಭದಲ್ಲಿ ಹೃದಯದ ಎರಡು ಹೃತ್ಕುಕ್ಷಿಗಳು ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಂತೆ ಜೊತೆಯಾಗಿ ದುಡಿಯುತ್ತವೆ, ಬಲಗಡೆಯದು ಸ್ವಲ್ಪ ಹೆಚ್ಚು ಭಾರ ಹೊರುತ್ತದೆ. ನಿಮಿಷಕ್ಕೆ 110ರಿಂದ 160 ಬಾರಿ ಬಡಿಯುವ ಈ ಪುಟ್ಟ ಹೃದಯ ಹೊರದೂಡುವ ರಕ್ತದಲ್ಲಿ ಗರ್ಭದ ನಡುಗಾಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾಸಿಗೇ ಹೋಗುತ್ತದೆ. ಮಾಸು ಸಡಿಲವಾಗಿ ರಕ್ತವನ್ನು ಬರಮಾಡಿಕೊಂಡರೆ ಹೃದಯಕ್ಕೆ ಹಗುರ. ಮಾಸಿನ ನಾಳಗಳು ಬಿಗಿಯಾದರೆ ಅಥವಾ ದಾರಿ ಇಕ್ಕಟ್ಟಾದರೆ ಅಷ್ಟೇ ರಕ್ತವನ್ನು ದೂಡಲು ಹೆಚ್ಚು ಬಲ ಬೇಕು.

ಬಳ್ಳಿಯ ಜಾಗ ಬದಲಾದಾಗ ಹೃದಯದ ಮೇಲೆ ಬೀಳುವ ಪರಿಣಾಮವೂ ಈ ದಾರಿಯಿಂದಲೇ ಬರುವಂಥದು. ಹೃದಯದ ರಚನೆ ಬೇರೆ, ಹೃದಯದ ಕೆಲಸ ಬೇರೆ. ಗೋಡೆಯಲ್ಲಿ ತೂತು, ಕವಾಟದಲ್ಲಿ ದೋಷ ಮುಂತಾದವು ರಚನೆಯ ತೊಂದರೆಗಳು. ಅಂಚಿಗೆ ಸೇರಿದ ಬಳ್ಳಿ ಎಂಬ ಸಾಲಿಗೆ ‘ಮಗುವಿನ ಹೃದಯದಲ್ಲಿ ತೂತಿದೆ’ ಎಂಬ ಅರ್ಥವಿಲ್ಲ. ವರದಿಯಲ್ಲಿ ಹೃದಯದ ನಾಲ್ಕು ಕೋಣೆಗಳೂ ಹೊರಹೋಗುವ ನಾಳಗಳೂ ಸರಿಯಾಗಿ ಕಂಡಿವೆ ಎಂದು ಬರೆದಿದ್ದರೆ ರಚನೆಯ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಸಿಕ್ಕಿದಂತೆ. ಉಳಿಯುವುದು ಕೆಲಸದ ಪ್ರಶ್ನೆ: ಚೆನ್ನಾಗಿರುವ ಪಂಪು, ಅನುಕೂಲವಿಲ್ಲದ ಪೈಪಿನ ಮೂಲಕ ದುಡಿಯುತ್ತಿದೆಯೇ?

ಮೊದಲನೆಯದು ಅದುಮುವಿಕೆ. ಮಗು ಹೊರಳಿದಾಗ, ಮುಖ್ಯವಾಗಿ ಹೆರಿಗೆ ನೋವಿನಲ್ಲಿ ಗರ್ಭಕೋಶ ಬಿಗಿದಾಗ, ರಕ್ಷೆಯಿಲ್ಲದ ನಾಳಗಳು ಅದುಮಿಕೊಳ್ಳಬಹುದು. ತೆಳುಗೋಡೆಯ ಅಭಿಧಮನಿ ಮೊದಲು ಮುಚ್ಚುತ್ತದೆ, ಆಮೇಲೆ ಅಪಧಮನಿಗಳು. ಅಪಧಮನಿ ಮುಚ್ಚಿದೊಡನೆ ಮಗುವಿನ ರಕ್ತದೊತ್ತಡ ಏರುತ್ತದೆ. ಅದನ್ನರಿತ ನರಗಳು ಹೃದಯಕ್ಕೆ ‘ನಿಧಾನ’ ಎಂಬ ಸಂದೇಶ ಕಳುಹಿಸುತ್ತವೆ, ಬಡಿತ ಥಟ್ಟನೆ ಇಳಿಯುತ್ತದೆ. ಒತ್ತಡ ತೆಗೆದಾಗ ಮತ್ತೆ ಏರುತ್ತದೆ. ತಾಯಿಯ ಹೊಟ್ಟೆಗೆ ಪಟ್ಟಿ ಕಟ್ಟಿ ಕಾಗದದ ಮೇಲೆ ಗೆರೆ ಮೂಡಿಸುವ ಯಂತ್ರದಲ್ಲಿ ಈ ಇಳಿತ ಚೂಪಾದ ಹಳ್ಳಗಳಂತೆ ಕಾಣುತ್ತದೆ. ಆಗೊಮ್ಮೆ ಈಗೊಮ್ಮೆ ಬರುವ ಹಳ್ಳ ಹೃದಯ ಸೋತದ್ದರ ಗುರುತಲ್ಲ, ಅದು ಹೃದಯ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಹಳ್ಳಗಳು ಆಳವಾಗುತ್ತ, ಏಳಲು ತಡವಾಗುತ್ತ ಹೋದರೆ ವೈದ್ಯರು ಕಾಯದೆ ಶಸ್ತ್ರಕ್ರಿಯೆಗೆ ತೀರ್ಮಾನಿಸುತ್ತಾರೆ. ಇಂಥ ಗರ್ಭಗಳಲ್ಲಿ ತುರ್ತು ಸಿಸೇರಿಯನ್ ಹೆಚ್ಚಾಗಲು ಇದು ಒಂದು ಕಾರಣ. ಹಾಗೆ ಹೇಳಿದ ವೈದ್ಯರನ್ನು ‘ದುಡ್ಡಿಗಾಗಿ ಕೊಯ್ಯುತ್ತಾರೆ’ ಎಂದು ಶಂಕಿಸುವ ಮುನ್ನ ಆ ಗೆರೆಯನ್ನು ತೋರಿಸಿರೆಂದು ಕೇಳಬಹುದು.

ಎರಡನೆಯದು ನಿಧಾನವಾದದ್ದು. ಬಳ್ಳಿ ಅಂಚಿನಲ್ಲಿರುವ ಮಾಸು ಕೆಲವೊಮ್ಮೆ ಪೂರ್ತಿಯಾಗಿ ಕೆಲಸ ಮಾಡುವುದಿಲ್ಲ. ಮಗುವಿನ ತೂಕ ತಿಂಗಳಿಗೆ ತಕ್ಕಂತೆ ಏರುವುದಿಲ್ಲ. ಆಮ್ಲಜನಕ ಕಡಿಮೆಯಾದಾಗ ಮಗುವಿನ ದೇಹ ಜಾಣತನದಿಂದ ಮೆದುಳಿಗೂ ಹೃದಯಕ್ಕೂ ಹೆಚ್ಚು ರಕ್ತ ತಿರುಗಿಸಿ, ಕೈಕಾಲು ಹೊಟ್ಟೆಗಳಿಗೆ ಕಡಿಮೆ ಮಾಡುತ್ತದೆ. ಇದು ದೀರ್ಘಕಾಲ ನಡೆದರೆ ಹೃದಯದ ಆಕಾರವೂ ಬದಲಾಗುತ್ತದೆ. ಬಾರ್ಸಿಲೋನಾದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗಿದ್ದ ಮಕ್ಕಳ ಹೃದಯ ಸುಮಾರು ಐದು ವರ್ಷದ ವಯಸ್ಸಿನಲ್ಲಿಯೂ ಇತರ ಮಕ್ಕಳದಕ್ಕಿಂತ ಹೆಚ್ಚು ಗುಂಡಗಿದ್ದುದು ಕಂಡಿತು. ಅದು ಬೆಳವಣಿಗೆ ಕುಂಠಿತವಾದ ಮಕ್ಕಳ ಮಾತು. ಬಳ್ಳಿ ಅಂಚಿನಲ್ಲಿದ್ದೂ ತೂಕ ಸರಿಯಾಗಿ ಏರುತ್ತಿರುವ ಮಗುವಿಗೆ ಅದನ್ನು ಅನ್ವಯಿಸಬಾರದು. ಹಾಗೆ ಏರುತ್ತಿರುವ ಮಕ್ಕಳೇ ಹೆಚ್ಚು.

ವೈದ್ಯರು ಇದನ್ನು ಅಳೆಯುವುದು ಡಾಪ್ಲರ್ ಸ್ಕ್ಯಾನಿನಿಂದ. ಹೊಕ್ಕುಳಿನ ಅಪಧಮನಿಯಲ್ಲಿ ಎರಡು ಬಡಿತಗಳ ನಡುವೆಯೂ ರಕ್ತ ಮುಂದಕ್ಕೇ ಹರಿಯುತ್ತಿದ್ದರೆ ಮಾಸು ಸಡಿಲವಾಗಿದೆ ಎಂದರ್ಥ. ಆ ಹರಿವು ನಿಂತರೆ ಅಥವಾ ಹಿಮ್ಮುಖವಾದರೆ ಅದು ಗಂಭೀರ. ಯಕೃತ್ತಿನ ಬಳಿಯ ಕಿರುಹಾದಿಯಲ್ಲಿಯೂ ಹಿಮ್ಮುಖ ಹರಿವು ಕಂಡರೆ ಹೃದಯವೇ ದಣಿಯುತ್ತಿದೆ ಎಂಬ ತಡವಾದ ಸೂಚನೆ. ಇವಲ್ಲದೆ ಹೃದಯದ ಕಾರ್ಯವನ್ನೇ ಅಳೆಯುವ ಸೂಕ್ಷ್ಮ ಸೂಚ್ಯಂಕಗಳೂ ಇವೆ. ಜಪಾನಿನ ವೈದ್ಯ ಚುವಾ ತೇಯಿ 1995ರಲ್ಲಿ ವಯಸ್ಕರಿಗಾಗಿ ರೂಪಿಸಿದ ‘ತೇಯಿ ಸೂಚ್ಯಂಕ’ ಅವುಗಳಲ್ಲಿ ಒಂದು. ಹೃದಯ ಬಿಗಿಯುತ್ತ ಸಡಿಲುತ್ತ ಇದ್ದರೂ ರಕ್ತ ಕದಲದ ಕ್ಷಣಗಳೆಷ್ಟು, ನಿಜವಾಗಿ ರಕ್ತ ಹೊರಹೋಗುವ ಕ್ಷಣಗಳೆಷ್ಟು ಎಂಬ ಅನುಪಾತ ಅದು. ದಣಿದ ಹೃದಯದಲ್ಲಿ ಮೊದಲ ಭಾಗ ಹೆಚ್ಚುತ್ತದೆ. ಸಂಶೋಧಕರು ಈಗ ಇಂಥ ಅಳತೆಗಳನ್ನು ಬಳ್ಳಿಯ ಸ್ಥಾನ ಬದಲಾದ ಗರ್ಭಗಳಿಗೂ ಅನ್ವಯಿಸಿ ನೋಡುತ್ತಿದ್ದಾರೆ. ಆ ಅಧ್ಯಯನಗಳು ಹೋಲಿಸುವುದು ಗುಂಪಿನ ಸರಾಸರಿಗಳನ್ನು. ಒಬ್ಬ ತಾಯಿಯ ಹೆರಿಗೆಯನ್ನು ನಿರ್ಧರಿಸುವ ದಿನನಿತ್ಯದ ಪರೀಕ್ಷೆಯಾಗಿ ಅವು ಬಳಕೆಯಲ್ಲಿಲ್ಲ. ಆದ್ದರಿಂದ ಈ ಒಂದು ಸಾಲನ್ನು ಕಂಡೊಡನೆ ಸಾಲ ಮಾಡಿ ಕೊಯಮತ್ತೂರಿಗೆ ಓಡಿ ಹೃದಯದ ವಿಶೇಷ ಸ್ಕ್ಯಾನ್ ಮಾಡಿಸಬೇಕಾಗಿಲ್ಲ. ಸಕ್ಕರೆ ಕಾಯಿಲೆ, ಅವಳಿ, ಮನೆತನದಲ್ಲಿ ಹೃದಯದೋಷ ಮುಂತಾದ ಬೇರೆ ಕಾರಣಗಳಿಂದ ವೈದ್ಯರು ಬರೆದುಕೊಟ್ಟರೆ ಮಾತ್ರ ತಪ್ಪಿಸಬಾರದು.

ಹಣ, ಸಮಯ, ಆತಂಕ ಇವುಗಳನ್ನು ಖರ್ಚು ಮಾಡಬೇಕಾದ ಜಾಗ ಬೇರೆ. ವೆಲಮೆಂಟಸ್ ಎಂದು ಬರೆದಿದ್ದರೆ ಪೊರೆಯ ಮೇಲಿನ ಆ ಬರಿ ನಾಳಗಳು ಎಲ್ಲಿ ಹರಿಯುತ್ತಿವೆ ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅವು ಗರ್ಭಕೋಶದ ಮೇಲ್ಭಾಗದಲ್ಲಿದ್ದರೆ ಭಯ ಕಡಿಮೆ. ಗರ್ಭಕೋಶದ ಬಾಯಿಯ ಮೇಲೆ ಅಥವಾ ಅದರ ಹತ್ತಿರ ಅಡ್ಡಹಾಯ್ದಿದ್ದರೆ ಅದಕ್ಕೆ ‘ವಾಸಾ ಪ್ರೀವಿಯಾ’ ಎಂದು ಹೆಸರು. ಸುಮಾರು 1,200ರಿಂದ 2,500 ಹೆರಿಗೆಗಳಿಗೆ ಒಂದರಂತೆ ಕಾಣುವ ಸ್ಥಿತಿ ಇದು. ನೀರಿನ ಚೀಲ ಒಡೆದಾಗ ಪೊರೆಯೊಂದಿಗೆ ನಾಳವೂ ಹರಿಯಬಹುದು. ಆಗ ಹೋಗುವ ರಕ್ತ ತಾಯಿಯದಲ್ಲ, ಮಗುವಿನದು. 3 ಕಿಲೋ ತೂಕದ ಮಗುವಿನ ದೇಹದಲ್ಲಿರುವ ರಕ್ತ ಸುಮಾರು 250 ಮಿಲಿಲೀಟರ್ ಮಾತ್ರ. ಒಂದು ಸಣ್ಣ ಕಾಫಿ ಲೋಟದಷ್ಟು ಹೋದರೂ ಹೃದಯಕ್ಕೆ ದೂಡಲು ರಕ್ತವಿಲ್ಲದೆ ಮಗು ಕೆಲವೇ ನಿಮಿಷಗಳಲ್ಲಿ ಕೈಬಿಟ್ಟುಹೋಗಬಹುದು. ತಾಯಿಗೆ ಅದು ಬಟ್ಟೆಯ ಮೇಲಿನ ಅಲ್ಪ ರಕ್ತದಂತೆ ಕಾಣುವುದರಿಂದಲೇ ಅಪಾಯ ಇಮ್ಮಡಿಯಾಗುತ್ತದೆ.

ಮುಂಚೆ ತಿಳಿದಿದ್ದರೆ ಕಥೆ ಪೂರ್ತಿ ಬೇರೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ, ಇಂಥ 155 ಗರ್ಭಗಳ ಅಧ್ಯಯನದಲ್ಲಿ, ಹೆರಿಗೆಗೆ ಮೊದಲೇ ಸ್ಕ್ಯಾನಿನಲ್ಲಿ ಗುರುತಿಸಿದ್ದಾಗ ನೂರಕ್ಕೆ 97 ಮಕ್ಕಳು ಉಳಿದರು, ಗುರುತಿಸದೆ ಇದ್ದಾಗ ನೂರಕ್ಕೆ 44. ಗುರುತಿಸಲು ಬೇಕಾದದ್ದು ದೊಡ್ಡ ಯಂತ್ರವೇನಲ್ಲ. ಬಣ್ಣದ ಡಾಪ್ಲರ್ ಇರುವ ಸ್ಕ್ಯಾನಿನಿಂದ, ಅಗತ್ಯವಿದ್ದರೆ ಯೋನಿಯ ಮೂಲಕ, ಗರ್ಭಕೋಶದ ಬಾಯಿಯ ಸುತ್ತ ಒಮ್ಮೆ ನೋಡಿದರೆ ಸಾಕು. ಇದ್ದದ್ದು ಖಚಿತವಾದರೆ ಸಾಮಾನ್ಯವಾಗಿ 34ರಿಂದ 37 ವಾರಗಳ ನಡುವೆ, ನೋವು ಶುರುವಾಗುವುದಕ್ಕೆ ಮುಂಚೆಯೇ, ದಿನ ಗೊತ್ತುಮಾಡಿ ಸಿಸೇರಿಯನ್ ಮಾಡುತ್ತಾರೆ. ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಮುಂಚಿತವಾಗಿ ಚುಚ್ಚುಮದ್ದು ಕೊಡುತ್ತಾರೆ.

ಆದ್ದರಿಂದ ಸ್ಕ್ಯಾನಿನ ಕೊಠಡಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ತಮಿಳಿನಲ್ಲಿಯೇ ಇಲ್ಲಿ ಕೊಡುತ್ತಿದ್ದೇವೆ: ‘ತೊಪ್ಪುಳ್ ಕೊಡಿ ಎಂಗ ಸೇರ್ಂದಿರುಕ್ಕು? ರತ್ತಕ್ ಕುಳಾಯ್ ಗರ್ಭಪ್ಪೈ ವಾಯ್ ಪಕ್ಕತ್ತುಲ ಇರುಕ್ಕಾ?’ ಹೊಕ್ಕುಳಬಳ್ಳಿ ಎಲ್ಲಿ ಸೇರಿದೆ, ರಕ್ತನಾಳ ಗರ್ಭಕೋಶದ ಬಾಯಿಯ ಹತ್ತಿರ ಇದೆಯೇ ಎಂಬುದಷ್ಟೇ ಇದರ ಅರ್ಥ. ಮಗು ಗಂಡೋ ಹೆಣ್ಣೋ ಎಂದು ಕೇಳುವುದು 1994ರ ಕಾಯ್ದೆಯಡಿ ಅಪರಾಧ. ಬಳ್ಳಿ ಎಲ್ಲಿದೆ ಎಂದು ಕೇಳುವುದು ತಾಯಿಯ ಹಕ್ಕು. ಸ್ಕ್ಯಾನ್ ಕೊಠಡಿಯಲ್ಲಿ ಬಾಯಿ ಬಿಡಲೇ ಅಂಜುವ ನಮ್ಮ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ತಿಳಿದಿರಲಿ.

ವರದಿಯಲ್ಲಿ ಈ ಸಾಲಿದ್ದವರು ಕೊನೆಯ ಮೂರು ತಿಂಗಳಲ್ಲಿ ಮಗುವಿನ ಬೆಳವಣಿಗೆಯನ್ನೂ ಡಾಪ್ಲರನ್ನೂ ವೈದ್ಯರು ಹೇಳಿದ ದಿನಗಳಲ್ಲಿ ತಪ್ಪದೆ ನೋಡಿಸಬೇಕು. 2016ರಲ್ಲಿ ಶುರುವಾದ ಕೇಂದ್ರದ ಯೋಜನೆಯಂತೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ, ಅಂದು ಹೋದಾಗ ಹಳೆಯ ವರದಿಯ ಈ ಸಾಲನ್ನು ಬೆರಳಿಟ್ಟು ತೋರಿಸಿ. ಮಗುವಿನ ಮಿಸುಕಾಟ ಎಂದಿಗಿಂತ ಕಡಿಮೆಯೆನಿಸಿದರೆ ‘ನಾಳೆ ನೋಡೋಣ’ ಎನ್ನಬಾರದು. ನೀರು ಒಡೆದು ಅದರಲ್ಲಿ ರಕ್ತದ ಛಾಯೆ ಕಂಡರೆ 108ಕ್ಕೆ ಕರೆ ಮಾಡುವಾಗಲೇ ಬಳ್ಳಿಯ ವಿಷಯ ಹೇಳಬೇಕು. ಮೂಲನೂರು, ಕುಂಡಡಂ ಕಡೆಯ ಹಳ್ಳಿಗಳಿಂದ ಧಾರಾಪುರಕ್ಕೆ ಬಂದು, ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ತಿರುಪ್ಪೂರಿಗೋ 80 ಕಿಲೋಮೀಟರ್ ದೂರದ ಕೊಯಮತ್ತೂರಿಗೋ ಹೋಗಬೇಕಾಗಬಹುದು. ಹೆರಿಗೆ ಎಲ್ಲಿ ಎಂಬುದನ್ನು ಎಂಟನೆಯ ತಿಂಗಳಿಗೆ ಮುಂಚೆಯೇ ವೈದ್ಯರೊಡನೆ ಮಾತಾಡಿ ತೀರ್ಮಾನಿಸಿಕೊಂಡಿದ್ದರೆ ಆ ರಾತ್ರಿ ರಸ್ತೆಯಲ್ಲಿ ಯೋಚಿಸುವುದು ತಪ್ಪುತ್ತದೆ. ಹಗಲಿರುಳು ಸಿಸೇರಿಯನ್ ಮತ್ತು ನವಜಾತ ಶಿಶುವಿನ ಆರೈಕೆ ಎರಡೂ ಇರುವ ಸರ್ಕಾರಿ ಕೇಂದ್ರಗಳನ್ನು ತಮಿಳುನಾಡಿನಲ್ಲಿ ‘ಸೀಮಾಂಕ್’ ಎನ್ನುತ್ತಾರೆ. ಹತ್ತಿರದ ಸೀಮಾಂಕ್ ಯಾವುದೆಂದು ಹಳ್ಳಿಯ ದಾದಿಯನ್ನು ಕೇಳಿಟ್ಟುಕೊಳ್ಳಬಹುದು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ರೂಢಿ ಇನ್ನೂ ಇದೆ. ತವರು ಕೊಳ್ಳೇಗಾಲವೋ ಚಾಮರಾಜನಗರವೋ ಆಗಿದ್ದರೆ ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಮಗಳು ರಾಜ್ಯದ ಗಡಿ ದಾಟುತ್ತಾಳೆ, ಕಡತ ಇಲ್ಲಿಯೇ ಉಳಿಯುತ್ತದೆ. ಉಳಿಯದೆ ಹೋದರೂ ತಮಿಳಿನಲ್ಲಿ ತುಂಬಿದ ತಾಯಿಯ ಪುಸ್ತಕವನ್ನು ಅಲ್ಲಿನ ದಾದಿ ಓದಲಾರರು. ಹೊರಡುವ ಮುನ್ನ ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಪುಟದ ಸಾರಾಂಶ ಬರೆಸಿಕೊಂಡು, ಸ್ಕ್ಯಾನಿನ ಮೂಲ ವರದಿಗಳೊಂದಿಗೆ, ಆರ್‌ಸಿಎಚ್ ಸಂಖ್ಯೆಯೊಂದಿಗೆ ಒಯ್ಯಬೇಕು. ಕರ್ನಾಟಕದಲ್ಲಿ ತಾಯಿ ಕಾರ್ಡ್ ಮಾಡಿಸುವಾಗ ಈ ಸಾಲನ್ನು ಅದರಲ್ಲಿಯೂ ಬರೆಸಬೇಕು.

ಹೆರಿಗೆ ಸುಸೂತ್ರವಾಗಿ ಆದ ಮೇಲೂ ಈ ಮಾತನ್ನು ಒಮ್ಮೆ ನೆನಪಿಸುವ ಅಗತ್ಯವಿದೆ. ಮಗು ಬಂದ ನಂತರ ಮಾಸನ್ನು ಹೊರತೆಗೆಯಲು ಬಳ್ಳಿಯನ್ನು ಮೆಲ್ಲಗೆ ಎಳೆಯುವುದು ರೂಢಿ. ಪೊರೆಗೆ ಸೇರಿದ ಬಳ್ಳಿ ಆಗ ಕಿತ್ತುಬರಬಹುದು, ಮಾಸು ಒಳಗೆ ಉಳಿದು ತಾಯಿಗೆ ರಕ್ತಸ್ರಾವವಾಗಬಹುದು. ಹೆರಿಗೆ ಕೋಣೆಯಲ್ಲಿ ಆ ಹೊತ್ತಿಗೆ ಪಾಳಿ ಬದಲಾಗಿ ಬೇರೆ ದಾದಿ ಬಂದಿರುತ್ತಾರೆ. ಜೊತೆಗಿರುವ ಅತ್ತೆಯೋ ಅಮ್ಮನೋ ಅವರಿಗೂ ಒಂದು ಮಾತು ಹೇಳಿದರೆ ಅವರು ಎಳೆಯುವ ಕೈಯನ್ನು ಹಗುರ ಮಾಡುತ್ತಾರೆ.